ಆಡಗೊಡದೆ ಅಂಕ ಕೇಳುವವರು

2025ರ ನವೆಂಬರ್ 18ರಂದು ಜಗತ್ತಿನ ಮೂರು ಮೂಲೆಗಳಲ್ಲಿ ಮೂರು ಫುಟ್‌ಬಾಲ್ ಪಂದ್ಯಗಳು ನಡೆದವು. ಢಾಕಾದಲ್ಲಿ ಭಾರತವು ಬಾಂಗ್ಲಾದೇಶಕ್ಕೆ 1–0ರಿಂದ ಸೋತಿತು. ರುಮೇನಿಯಾದಲ್ಲಿ ಸ್ಯಾನ್ ಮರಿನೊ ಎಂಬ ಪುಟ್ಟ ಗಣರಾಜ್ಯ 7–1ರಿಂದ ಸೋತಿತು. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಸುಮಾರು ಒಂದೂವರೆ ಲಕ್ಷ ಜನಸಂಖ್ಯೆಯ ಕುರಾಸಾವೊ ದ್ವೀಪವು ಗೋಲಿಲ್ಲದ ಸಮ ಸಾಧಿಸಿ 2026ರ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ವಿಶ್ವಕಪ್ಪಿನ ಅಂಗಳಕ್ಕೆ ಕಾಲಿಡುವ ಹಕ್ಕು ಪಡೆದ ಅತ್ಯಂತ ಸಣ್ಣ ದೇಶ ಅದು. ಭಾರತದ ಶ್ರೇಯಾಂಕ ಆ ತಿಂಗಳ ಪಟ್ಟಿಯಲ್ಲಿ 142ಕ್ಕೆ ಇಳಿಯಿತು. ಸ್ಯಾನ್ ಮರಿನೊಗೆ ಇಳಿಯಲು ಕೆಳಗೆ ಸ್ಥಾನವೇ ಇರಲಿಲ್ಲ. ಅದು ಮೊದಲೇ 210ನೆಯದು, ಪಟ್ಟಿಯ ಕಟ್ಟಕಡೆಯದು.

ಆ ವಾರದ ಕೊನೆಯಲ್ಲಿ ನಮ್ಮ ಸಂಘದ ವಾಚನಾಲಯದಲ್ಲಿ ಪತ್ರಿಕೆ ಹಿಡಿದು ಕುಳಿತಿದ್ದ ಹಿರಿಯ ಮಿತ್ರರೊಬ್ಬರು ಈ ಸುದ್ದಿಯನ್ನೋದಿ ನಕ್ಕರು. ‘ಏಳು ಗೋಲು ತಿನ್ನುವವರನ್ನು ಯಾಕಾದರೂ ಆಡಿಸುತ್ತಾರೆ ಸ್ವಾಮಿ? ಇಂಥವರನ್ನೆಲ್ಲ ಬೇರೆ ಕಡೆ ತಮ್ಮತಮ್ಮಲ್ಲೇ ಆಡಿಕೊಳ್ಳಲು ಬಿಟ್ಟು, ಗೆದ್ದವನೊಬ್ಬನನ್ನು ಒಳಗೆ ಬಿಟ್ಟರೆ ಸಾಲದೆ? ಶ್ರೇಯಾಂಕ ಪಟ್ಟಿ ಇರುವುದಾದರೂ ಏತಕ್ಕೆ?’ ಎಂದರು. ಸುತ್ತ ಕುಳಿತವರಲ್ಲಿ ಹೆಚ್ಚಿನವರು ತಲೆದೂಗಿದರು. ಅಂದು ಉತ್ತರಿಸಲು ನನಗೆ ವೇಳೆ ಸಾಲಲಿಲ್ಲ. ಮಿತ್ರರ ಮೇಲಿನ ಗೌರವಕ್ಕೆ ಕುಂದು ಬಾರದಂತೆ ಇಲ್ಲಿ ಉತ್ತರಿಸಲು ಯತ್ನಿಸಿದ್ದೇನೆ.

ಈ ಮಾತು ನಮ್ಮ ವಾಚನಾಲಯದಲ್ಲಿ ಹುಟ್ಟಿದ್ದಲ್ಲ. 2016ರ ನವೆಂಬರಿನಲ್ಲಿ ಜರ್ಮನಿ ಇದೇ ಸ್ಯಾನ್ ಮರಿನೊವನ್ನು 8–0ರಿಂದ ಮಣಿಸಿದಾಗ, ವಿಶ್ವಕಪ್ ಗೆದ್ದ ತಂಡದ ಆಟಗಾರ ಥಾಮಸ್ ಮುಲ್ಲರ್ ಅವರು ಇಂಥ ಪಂದ್ಯಗಳಿಗೂ ವೃತ್ತಿಪರ ಫುಟ್‌ಬಾಲಿಗೂ ಸಂಬಂಧವಿಲ್ಲವೆಂಬ ಅರ್ಥದ ಮಾತನ್ನಾಡಿದ್ದರು. ಸ್ಯಾನ್ ಮರಿನೊದ ಕ್ರೀಡಾಧಿಕಾರಿಯೊಬ್ಬರು ಹತ್ತು ಕಾರಣಗಳನ್ನು ಪಟ್ಟಿ ಮಾಡಿ ಬಹಿರಂಗ ಉತ್ತರ ಬರೆದರು. ಅಂದಿನಿಂದ ಇಂದಿನವರೆಗೆ, ದೊಡ್ಡ ತಂಡವೊಂದು ಸಣ್ಣ ತಂಡದ ಮೇಲೆ ಗೋಲುಗಳ ಮಳೆ ಸುರಿಸಿದಾಗಲೆಲ್ಲ ಈ ವಾದ ಮತ್ತೆ ತಲೆಯೆತ್ತುತ್ತದೆ. ಅದರ ತಿರುಳು ಒಂದೇ: ಶ್ರೇಯಾಂಕವು ಯೋಗ್ಯತೆಯ ಅಳತೆ, ಯೋಗ್ಯತೆ ಇಲ್ಲದವರಿಗೆ ಪಂದ್ಯ ಕೊಡುವುದು ದುಂದು.

ನಾನು ಹೇಳಬೇಕಾದ್ದು ಇದಕ್ಕೆ ನೇರ ವಿರುದ್ಧವಾದದ್ದು. ಪಟ್ಟಿಯ ಕೆಳತುದಿಯಲ್ಲಿ ಶ್ರೇಯಾಂಕವು ಯೋಗ್ಯತೆಯನ್ನು ಅಳೆಯುವುದಕ್ಕಿಂತ ಹೆಚ್ಚಾಗಿ ಅವಕಾಶವನ್ನು ಅಳೆಯುತ್ತದೆ. ಆ ಬಳಿಕ ಅದೇ ಶ್ರೇಯಾಂಕವನ್ನು ಮುಂದಿಟ್ಟು ಅವಕಾಶವನ್ನು ಕಿತ್ತುಕೊಳ್ಳಲಾಗುತ್ತದೆ. ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥ ನ್ಯಾಯವನ್ನು ಕಂಡೇ ಇರಬೇಕು.

ಮೊದಲು ಈ ಶ್ರೇಯಾಂಕವನ್ನು ಹೇಗೆ ಲೆಕ್ಕ ಹಾಕುತ್ತಾರೆಂಬುದನ್ನು ನೋಡೋಣ. ಲೆಕ್ಕ ನೋಡದೆ ತೀರ್ಪು ಕೊಡುವುದು ನನ್ನ ವೃತ್ತಿಗೆ ಒಗ್ಗಿದ ಅಭ್ಯಾಸವಲ್ಲ. 2018ರಿಂದ ಫೀಫಾ ಅನುಸರಿಸುತ್ತಿರುವ ಸೂತ್ರ ಮೂಲತಃ ಚದುರಂಗದಿಂದ ಬಂದದ್ದು. ಪ್ರತಿ ತಂಡಕ್ಕೂ ಇಷ್ಟು ಅಂಕಗಳೆಂದು ಇರುತ್ತವೆ. ಪಂದ್ಯಕ್ಕೆ ಮುನ್ನ ಎರಡು ತಂಡಗಳ ಅಂಕಗಳ ಅಂತರವನ್ನು ನೋಡಿ ಪ್ರತಿಯೊಂದರಿಂದ ಎಷ್ಟು ಫಲ ನಿರೀಕ್ಷಿಸಬಹುದೆಂದು ಗಣಿಸುತ್ತಾರೆ. ನಿರೀಕ್ಷೆಗಿಂತ ಹೆಚ್ಚು ಸಾಧಿಸಿದರೆ ಅಂಕ ಸೇರುತ್ತದೆ, ಕಡಿಮೆಯಾದರೆ ಕಳೆಯುತ್ತದೆ. ಪಂದ್ಯದ ಮಹತ್ವಕ್ಕೆ ತಕ್ಕ ಗುಣಕವೊಂದುಂಟು: ನಿಗದಿತ ದಿನಗಳ ಹೊರಗೆ ಆಡಿದ ಸೌಹಾರ್ದ ಪಂದ್ಯಕ್ಕೆ 5, ನಿಗದಿತ ದಿನಗಳಲ್ಲಿ ಆಡಿದ ಸೌಹಾರ್ದ ಪಂದ್ಯಕ್ಕೆ 10, ನೇಷನ್ಸ್ ಲೀಗಿನ ಗುಂಪಿನ ಪಂದ್ಯಕ್ಕೆ 15, ವಿಶ್ವಕಪ್ ಅರ್ಹತಾ ಪಂದ್ಯಕ್ಕೆ 25, ವಿಶ್ವಕಪ್ಪಿನಲ್ಲೇ ಆದರೆ 50, ಕ್ವಾರ್ಟರ್ ಫೈನಲಿನಿಂದ ಮುಂದಕ್ಕೆ 60.

ಸೂತ್ರ ನೋಡಲು ನಿಷ್ಪಕ್ಷಪಾತವಾಗಿಯೇ ಇದೆ. ಎರಡು ತಂಡಗಳ ನಡುವೆ 600 ಅಂಕಗಳ ಅಂತರವಿದ್ದರೆ ದುರ್ಬಲ ತಂಡದಿಂದ ನಿರೀಕ್ಷಿಸುವ ಫಲ ಹನ್ನೊಂದರಲ್ಲಿ ಒಂದು ಪಾಲು. ಅರ್ಹತಾ ಪಂದ್ಯದಲ್ಲಿ ಅದು ಸೋತರೆ ಕಳೆದುಕೊಳ್ಳುವುದು ಸುಮಾರು ಎರಡು ಅಂಕ, ಗೆದ್ದರೆ ಪಡೆಯುವುದು ಸುಮಾರು ಇಪ್ಪತ್ತಮೂರು. ಇನ್ನು ಸಮಾನ ಅಂಕಗಳ ಇಬ್ಬರು ಬಡವರು ಅರ್ಹತಾ ಪಂದ್ಯದಲ್ಲಿ ಎದುರಾದರೆ ಗೆದ್ದವನಿಗೆ ಹನ್ನೆರಡೂವರೆ ಅಂಕ. ಅವರೇ ನಿಗದಿತ ದಿನಗಳ ಹೊರಗೆ ಸೌಹಾರ್ದ ಪಂದ್ಯವಾಡಿದರೆ ಕೇವಲ ಎರಡೂವರೆ. ಅಂದರೆ ಒಂದು ಅರ್ಹತಾ ಪಂದ್ಯದ ಗೆಲುವಿಗೆ ಸಮನಾಗಲು ಅಂಥ ಐದು ಗೆಲುವುಗಳು ಬೇಕು. ಅರ್ಹತಾ ಪಂದ್ಯಗಳೇ ದೊರೆಯದವನು ಮೇಲೇರುವುದು ಹೇಗೆ? ಅವನ ಏಣಿಗೆ ಮೆಟ್ಟಿಲುಗಳೇ ಇಲ್ಲ.

ಈ ಸೂತ್ರದಲ್ಲಿ ಓದುಗರು ಗಮನಿಸಬೇಕಾದ ಇನ್ನೆರಡು ಸಂಗತಿಗಳಿವೆ. ಮೊದಲನೆಯದು, ಗೋಲುಗಳ ಅಂತರಕ್ಕೆ ಇಲ್ಲಿ ಬೆಲೆಯಿಲ್ಲ. 2025ರ ಜೂನ್ ತಿಂಗಳಲ್ಲಿ ಸ್ಯಾನ್ ಮರಿನೊ ಬೋಸ್ನಿಯಾಕ್ಕೆ ಹೋಗಿ ಒಂದೇ ಗೋಲಿನಿಂದ ಸೋತಿತು. ಅಕ್ಟೋಬರಿನಲ್ಲಿ ವಿಯೆನ್ನಾದಲ್ಲಿ ಆಸ್ಟ್ರಿಯಾದೆದುರು ಹತ್ತು ಗೋಲುಗಳಿಂದ ಸೋತಿತು. ಸೂತ್ರದ ಕಣ್ಣಿಗೆ ಎರಡೂ ಸೋಲೇ. ತೊಂಬತ್ತು ನಿಮಿಷ ಹಲ್ಲು ಕಚ್ಚಿ ಕಾದಾಡಿದ್ದು ಕಾಗದದ ಮೇಲೆ ಎಲ್ಲಿಯೂ ದಾಖಲಾಗದು. ಎರಡನೆಯದು, ವಿಶ್ವಕಪ್ಪಿನಂಥ ಅಂತಿಮ ಟೂರ್ನಿಗಳ ನಾಕೌಟ್ ಹಂತದಲ್ಲಿ ಸೋತ ತಂಡದ ಅಂಕ ಕಳೆಯುವುದಿಲ್ಲ. ಅಂದರೆ ದೊಡ್ಡವರ ಮನೆಯಲ್ಲಿ ಸೋಲಿಗೆ ದಂಡವಿಲ್ಲ. ಅಂತಿಮ ಟೂರ್ನಿಯ ಕನಸೂ ಕಾಣಲಾಗದವರು ತಮ್ಮ ಪ್ರಾಥಮಿಕ ನಾಕೌಟಿನಲ್ಲಿ ಸೋತರೆ ದಂಡ ತೆರಬೇಕು. ಈ ವಿನಾಯಿತಿಗೆ ಯಾವ ನ್ಯಾಯಶಾಸ್ತ್ರದ ಆಧಾರವಿದೆಯೋ ನನಗೆ ಹೊಳೆದಿಲ್ಲ.

2018ಕ್ಕೆ ಮುನ್ನ ಇದ್ದ ಸೂತ್ರ ಇದಕ್ಕಿಂತಲೂ ವಿಚಿತ್ರವಾಗಿತ್ತು. ಅದು ಸರಾಸರಿಯ ಸೂತ್ರ. ಸೌಹಾರ್ದ ಪಂದ್ಯಗಳಿಗೆ ಕಡಿಮೆ ಗುಣಕವಿದ್ದುದರಿಂದ, ಅವನ್ನು ಆಡಿದರೆ ಗೆದ್ದವನ ಸರಾಸರಿಯೂ ಕುಸಿಯುವ ಸಂಭವವಿತ್ತು. ಇದನ್ನರಿತ ಪೋಲೆಂಡ್ 2018ರ ವಿಶ್ವಕಪ್ಪಿನ ಗುಂಪು ವಿಂಗಡಣೆಗೆ ಮುನ್ನ ಸೌಹಾರ್ದ ಪಂದ್ಯಗಳಿಂದ ದೂರ ಉಳಿದು, ಆ ಜಾಣತನದಿಂದ ಮೊದಲ ಶ್ರೇಣಿಯ ತಂಡಗಳ ಸಾಲಿನಲ್ಲಿ ಕುಳಿತುಕೊಂಡಿತು. ಅದೇ ಸೂತ್ರವು ವರ್ಷಕ್ಕೆ ಐದು ಪಂದ್ಯಗಳನ್ನಾದರೂ ಆಡಲಾಗದ ಬಡ ತಂಡದ ಅಂಕವನ್ನು ಕಡಿತಗೊಳಿಸುತ್ತಿತ್ತು. ಬಲಿಷ್ಠನು ಆಡದೆ ಮೇಲೇರಿದ, ದುರ್ಬಲನು ಆಡಲಾಗದೆ ಕೆಳಗಿಳಿದ. ಇದನ್ನು ಯೋಗ್ಯತೆಯ ಅಳತೆಗೋಲೆಂದು ಹನ್ನೆರಡು ವರ್ಷಗಳ ಕಾಲ ಜಗತ್ತು ನಂಬಿತ್ತು.

ಅಳತೆಗೋಲಿನ ಮಾತು ಸಾಕು. ಇನ್ನು ಬಾಗಿಲಿನ ಮಾತು. 2026ರ ವಿಶ್ವಕಪ್ಪಿನಲ್ಲಿ ತಂಡಗಳ ಸಂಖ್ಯೆಯನ್ನು 32ರಿಂದ 48ಕ್ಕೆ ಏರಿಸಲಾಯಿತು. ಎಲ್ಲರಿಗೂ ಅವಕಾಶ ಹೆಚ್ಚಿತೆಂದು ಡಂಗುರ ಸಾರಲಾಯಿತು. ಏಷ್ಯಾಕ್ಕೆ ಎಂಟು ನೇರ ಸ್ಥಾನಗಳು ದೊರೆತವು. ಆದರೆ ಏಷ್ಯಾದ ಕೆಳಮನೆಯಲ್ಲಿ ನಡೆದದ್ದೇನು? ಖಂಡದ 46 ತಂಡಗಳಲ್ಲಿ 27ರಿಂದ 46ನೇ ಶ್ರೇಯಾಂಕದವರೆಗಿನ ಇಪ್ಪತ್ತು ತಂಡಗಳನ್ನು ಜೋಡಿ ಮಾಡಿ, 2023ರ ಅಕ್ಟೋಬರ್ 12 ಮತ್ತು 17ರಂದು ತಲಾ ಎರಡು ಪಂದ್ಯ ಆಡಿಸಿದರು. ಶ್ರೀಲಂಕಾ, ಭೂತಾನ್, ಮಾಲ್ಡೀವ್ಸ್, ಮಂಗೋಲಿಯಾ, ಕಾಂಬೋಡಿಯಾ, ಲಾವೋಸ್, ಬ್ರೂನೈ, ಮಕಾವು, ತಿಮೋರ್‌ಲೆಸ್ಟೆ, ಗುವಾಮ್ ಸೋತವು. ವಿಶ್ವಕಪ್ಪಿಗೆ ಇನ್ನೂ ಎರಡೂವರೆ ವರ್ಷಕ್ಕಿಂತ ಹೆಚ್ಚು ಕಾಲವಿರುವಾಗಲೇ, ಆರು ದಿನಗಳೊಳಗೆ, ಹತ್ತು ದೇಶಗಳ ವಿಶ್ವಕಪ್ ಮುಗಿದುಹೋಯಿತು. ಏಷ್ಯಾ ಕಪ್ಪಿನ ಅರ್ಹತೆಗೆಂದು ಅವರಲ್ಲಿ ಹೆಚ್ಚಿನವರನ್ನು ಮತ್ತೊಂದು ಪ್ರಾಥಮಿಕ ಸುತ್ತಿನ ಸಾಲಿನಲ್ಲಿ ನಿಲ್ಲಿಸಿದ್ದು ನಿಜ. ಅಲ್ಲಿಯೂ ಮೊದಲು ತೋರಿಸಬೇಕಾದ್ದು ಅದೇ ಶ್ರೇಯಾಂಕದ ಚೀಟಿ.

ಕೆರಿಬಿಯನ್ ಕಡೆಯ ಕಥೆ ಇನ್ನೂ ಮಾರ್ಮಿಕವಾದದ್ದು. ಅಲ್ಲಿ ಕಟ್ಟಕಡೆಯ ನಾಲ್ಕು ತಂಡಗಳನ್ನು 2024ರ ಮಾರ್ಚಿನಲ್ಲಿ ಹೀಗೆಯೇ ಜೋಡಿ ಮಾಡಿದರು. ಆಂಗ್ವಿಲಾ ಮತ್ತು ಟರ್ಕ್ಸ್ ಆ್ಯಂಡ್ ಕೈಕೋಸ್ ಒಂದು ಜೋಡಿ. ಅಮೆರಿಕದ ವರ್ಜಿನ್ ದ್ವೀಪಗಳು ಮತ್ತು ಬ್ರಿಟನ್ನಿನ ವರ್ಜಿನ್ ದ್ವೀಪಗಳು ಇನ್ನೊಂದು. ನಾಲ್ಕು ಪಂದ್ಯಗಳೂ ಸಮವಾದವು. ಎರಡೂ ಜೋಡಿಗಳ ಭವಿಷ್ಯ ಪೆನಾಲ್ಟಿ ಒದೆತಗಳಲ್ಲಿ ನಿರ್ಧಾರವಾಯಿತು. ಟರ್ಕ್ಸ್ ಆ್ಯಂಡ್ ಕೈಕೋಸ್ ಮತ್ತು ಅಮೆರಿಕದ ವರ್ಜಿನ್ ದ್ವೀಪಗಳು ಆಟದಲ್ಲಿ ಒಂದು ಪಂದ್ಯವನ್ನೂ ಸೋಲದೆ ವಿಶ್ವಕಪ್ಪಿನಿಂದ ಹೊರಬಿದ್ದವು. ನಮ್ಮ ಮಿತ್ರರು ಹೇಳಿದ ‘ತಮ್ಮತಮ್ಮಲ್ಲೇ ಆಡಿಕೊಳ್ಳಲಿ’ ಎಂಬ ವ್ಯವಸ್ಥೆ ಇದೇ. ಅದು ಬರಬೇಕಾದದ್ದಲ್ಲ, ಈಗಾಗಲೇ ಬಂದು ಕುಳಿತಿರುವಂಥದು.

ಬೇರೆ ದಾರಿ ಇಲ್ಲವೆನ್ನಬೇಡಿ. ಯೂರೋಪಿನಲ್ಲಿ ವಿಶ್ವಕಪ್ ಅರ್ಹತೆಗೆ ಪೂರ್ವಭಾವಿ ಜರಡಿಯಿಲ್ಲ. ಸ್ಯಾನ್ ಮರಿನೊಗೂ ಜರ್ಮನಿಗೂ ಗುಂಪಿನಲ್ಲಿ ಸ್ಥಾನವುಂಟು. ಆಫ್ರಿಕಾದಲ್ಲಿ 2022ರ ವಿಶ್ವಕಪ್ಪಿಗೆ ಜರಡಿಯಿತ್ತು. ಕೊಮೊರೊಸ್ ಎಂಬ ದ್ವೀಪರಾಷ್ಟ್ರ 2019ರ ಸೆಪ್ಟೆಂಬರಿನಲ್ಲಿ ಟೋಗೊ ಎದುರು ಎರಡು ಪಂದ್ಯವಾಡಿ ಮನೆಗೆ ಮರಳಿತು. 2026ರ ಅರ್ಹತೆಗೆ ಆಫ್ರಿಕಾ ಆ ಜರಡಿಯನ್ನು ಎಸೆದು, ಒಂಬತ್ತು ಗುಂಪುಗಳನ್ನು ಮಾಡಿ, ಎಲ್ಲ ತಂಡಗಳಿಗೂ ಗುಂಪಿನಲ್ಲಿ ಸ್ಥಾನ ಕೊಟ್ಟಿತು. ಅದೇ ಕೊಮೊರೊಸ್ 2023ರ ನವೆಂಬರಿನಲ್ಲಿ ತನ್ನ ರಾಜಧಾನಿ ಮೊರೊನಿಯಲ್ಲಿ ಘಾನಾವನ್ನು 1–0ರಿಂದ ಸೋಲಿಸಿತು. ಘಾನಾ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ಆಡಿದ ದೇಶವೆಂಬುದನ್ನು ಮರೆಯಬಾರದು. ಅವಕಾಶ ಕೊಟ್ಟರೆ ಏನಾಗುತ್ತದೆಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇಕೆ?

ನಮ್ಮ ನೆರೆಯ ಭೂತಾನದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 2002ರ ಜೂನ್ 30ರಂದು ಯೋಕೊಹಾಮಾದಲ್ಲಿ ಬ್ರೆಜಿಲ್ ಮತ್ತು ಜರ್ಮನಿ ವಿಶ್ವಕಪ್ ಫೈನಲ್ ಆಡಿದ ದಿನವೇ, ಥಿಂಪುವಿನ ಚಾಂಗ್ಲಿಮಿಥಾಂಗ್ ಮೈದಾನದಲ್ಲಿ ಪಟ್ಟಿಯ ಕೊನೆಯ ಎರಡು ತಂಡಗಳು, 202ನೆಯ ಭೂತಾನ್ ಮತ್ತು 203ನೆಯ ಮಾಂಟ್‌ಸೆರಾಟ್, ಸೆಣಸಿದವು. ಡಚ್ ಚಿತ್ರ ತಯಾರಕರ ಕಲ್ಪನೆಯಿಂದ ಏರ್ಪಟ್ಟ ಪಂದ್ಯವದು. ಭೂತಾನ್ 4–0ರಿಂದ ಗೆದ್ದಿತು. ಜಗತ್ತು ಅದನ್ನೊಂದು ಮುದ್ದಾದ ಕೌತುಕವೆಂದು ನೋಡಿ ಮರೆತುಬಿಟ್ಟಿತು. 2000ದಲ್ಲಿ ಫೀಫಾ ಸದಸ್ಯತ್ವ ಪಡೆದ ಭೂತಾನ್ ತನ್ನ ಮೊದಲ ವಿಶ್ವಕಪ್ ಅರ್ಹತಾ ಪಂದ್ಯವನ್ನಾಡಿದ್ದು 2015ರ ಮಾರ್ಚಿನಲ್ಲಿ. ಆಗ ಅದು 209ನೆಯದು, ಅಂದರೆ ಕಟ್ಟಕಡೆಯದು. ಕೊಲಂಬೊದಲ್ಲಿ ಶ್ರೀಲಂಕಾವನ್ನು 1–0ರಿಂದ ಸೋಲಿಸಿತು. ಐದು ದಿನಗಳ ಬಳಿಕ ಥಿಂಪುವಿನಲ್ಲಿ 2–1ರಿಂದ ಮತ್ತೆ ಸೋಲಿಸಿತು. ಎರಡೂ ಗೋಲು ಹೊಡೆದ ಚೆಂಚೊ ಗೆಲ್ಟ್‌ಶೆನ್ ಮುಂದೆ 2018–19ರಲ್ಲಿ ನಮ್ಮ ಬೆಂಗಳೂರು ಎಫ್‌ಸಿ ತಂಡದ ಅಂಗಿ ತೊಟ್ಟು ಆಡಿದರು. ಆ ವರ್ಷ ತಂಡ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಆ ಎರಡು ಗೆಲುವುಗಳಿಂದ ಭೂತಾನ್ ಒಮ್ಮೆಲೇ 46 ಸ್ಥಾನ ಜಿಗಿದು 163ಕ್ಕೆ ಬಂದಿತು.

ಮಾರ್ಚ್ 11ರಂದು ಲೋಕದ ಅತ್ಯಂತ ದುರ್ಬಲ ತಂಡವಾಗಿದ್ದ ಭೂತಾನ್ ಮುಂದಿನ ತಿಂಗಳು ನಲವತ್ತಾರು ದೇಶಗಳಿಗಿಂತ ಬಲಿಷ್ಠವಾಯಿತೆ? ಆ ಕೆಲವೇ ವಾರಗಳಲ್ಲಿ ಅದರ ಹುಡುಗರ ಕಾಲುಗಳಿಗೆ ಯಾವ ದೈವಬಲ ಬಂದಿತು? ಬಂದದ್ದು ಪಂದ್ಯ, ಅಷ್ಟೆ. 209 ಎಂಬುದು ಅವರ ಆಟದ ಮಟ್ಟವಾಗಿರಲಿಲ್ಲ; ಅವರಿಗೆ ದೊರೆತಿದ್ದ ಪಂದ್ಯಗಳ ಮಟ್ಟವಾಗಿತ್ತು.

ಮುಂದಿನ ಗುಂಪಿನಲ್ಲಿ ಭೂತಾನ್ ಎಂಟಕ್ಕೆ ಎಂಟೂ ಪಂದ್ಯಗಳನ್ನು ಸೋತು 52 ಗೋಲು ಬಿಟ್ಟುಕೊಟ್ಟಿತೆಂಬುದನ್ನು ನಾನು ಮುಚ್ಚಿಡಲಾರೆ. ದೋಹಾದಲ್ಲಿ ಕತಾರ್ 15–0ರಿಂದ ಹೊಡೆಯಿತು. ನಮ್ಮ ಮಿತ್ರರು ‘ನೋಡಿದಿರಾ’ ಎನ್ನಬಹುದು. ನೋಡಿದ್ದೇನೆ, ಪೂರ್ತಿಯಾಗಿಯೇ ನೋಡಿದ್ದೇನೆ. ಅದೇ ಕತಾರ್ ಥಿಂಪುವಿಗೆ ಬಂದಾಗ ಅಂತರ 3–0. ಹಾಂಗ್‌ಕಾಂಗ್ ತನ್ನ ನೆಲದಲ್ಲಿ 7–0ರಿಂದ ಗೆದ್ದಿತ್ತು, ಥಿಂಪುವಿನಲ್ಲಿ 1–0. ಮಾಲ್ಡೀವ್ಸ್ ಎದುರು 3–4. ಥಿಂಪುವಿನ ಎತ್ತರದ ತೆಳುಗಾಳಿಯ ನೆರವೂ ಇದರಲ್ಲಿತ್ತೆನ್ನಿ, ಒಪ್ಪುತ್ತೇನೆ. ಆದರೂ ಎಂಟು ಪಂದ್ಯಗಳಾಡಿದ ತಂಡ ತನ್ನ ದೋಷವೆಲ್ಲಿದೆಯೆಂದು ಕಂಡುಕೊಳ್ಳುತ್ತದೆ. ಎರಡು ಪಂದ್ಯಗಳಾಡಿ ಮನೆಗೆ ಹೋದ ತಂಡ ಏನು ಕಲಿತೀತು?

ಭೂತಾನ್, ಗುವಾಮ್ ಎಂದು ನಗುವ ಮುನ್ನ ನಾವು ಭಾರತೀಯರು ಕನ್ನಡಿ ನೋಡಿಕೊಳ್ಳುವುದು ಒಳಿತು. ಭೂತಾನ್ ಕೊಲಂಬೊದಲ್ಲಿ ಗೆದ್ದ ಅದೇ 2015ರ ಮಾರ್ಚ್ 12ರಂದು, ಅದೇ ಪ್ರಾಥಮಿಕ ಸುತ್ತಿನಲ್ಲಿ, ಗುವಾಹಟಿಯಲ್ಲಿ ಆಡುತ್ತಿದ್ದ ಇನ್ನೊಂದು ತಂಡ ಭಾರತ. ನೂರಿಪ್ಪತ್ತು ಕೋಟಿಗೂ ಮಿಕ್ಕ ಜನರ ದೇಶ ಆ ತಿಂಗಳು 173ನೇ ಸ್ಥಾನದಲ್ಲಿತ್ತು. ನೇಪಾಳವನ್ನು ಎರಡು ಗೋಲುಗಳಿಂದ ಸೋಲಿಸಿ, ಕಾಠ್ಮಂಡುವಿನಲ್ಲಿ ಸಮ ಮಾಡಿಕೊಂಡು, ಹೊಸ್ತಿಲು ದಾಟಿತು. ಜೂನ್ ತಿಂಗಳಲ್ಲಿ ಒಂದೂವರೆ ಲಕ್ಷ ಚಿಲ್ಲರೆ ಜನಸಂಖ್ಯೆಯ ಗುವಾಮ್ ದ್ವೀಪ ಭಾರತವನ್ನು 2–1ರಿಂದ ಸೋಲಿಸಿತು.

ಮರುಪಂದ್ಯ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ನವೆಂಬರ್ 12ರಂದು. ದೀಪಾವಳಿ ರಜೆಯಲ್ಲಿ ದೆಹಲಿಯಿಂದ ಊರಿಗೆ ಹೋಗಿದ್ದ ನಾನು ಬಲಿಪಾಡ್ಯಮಿಯ ಆ ಸಂಜೆ ತಮ್ಮನ ಮಗನನ್ನು ಕರೆದುಕೊಂಡು ಹೋಗಿದ್ದೆ. ರಾಬಿನ್ ಸಿಂಗ್ ಹೊಡೆದ ಒಂದೇ ಗೋಲಿನಿಂದ ಭಾರತ ಗೆದ್ದಿತು. ‘ದೊಡ್ಡಪ್ಪಾ, ಗುವಾಮ್ ಎಲ್ಲಿದೆ?’ ಎಂದು ಹುಡುಗ ಕೇಳಿದ. ಶಾಂತಸಾಗರದಲ್ಲಿ ಎಂದಷ್ಟೇ ಹೇಳಬಲ್ಲವನಾಗಿದ್ದೆ. ಆ ದ್ವೀಪದ ಹುಡುಗರು ಅಷ್ಟು ದೂರದಿಂದ ಹಾರಿ ಬಂದು ಕೊನೆಯ ಕ್ಷಣದವರೆಗೆ ನಮ್ಮವರನ್ನು ನೆಮ್ಮದಿಯಾಗಿ ಉಸಿರಾಡಲು ಬಿಡಲಿಲ್ಲ. ಆ ಗುಂಪಿನಲ್ಲಿ ಭಾರತಕ್ಕೆ ದೊರೆತದ್ದು ಅದೊಂದೇ ಗೆಲುವು. ಗುಂಪಿನ ಕೊನೆಯ ಸ್ಥಾನ ನಮ್ಮದು. ಗುವಾಮ್ ನಮಗಿಂತ ಮೇಲೆ. ಕೆಳಗುಳಿದ ನಮಗೆ ಪ್ಲೇ-ಆಫ್ ಎಂಬ ಇನ್ನೊಂದು ಬಾಗಿಲು ತೆರೆಯಿತು. ಲಾವೋಸನ್ನು ಸೋಲಿಸಿ ಒಳಹೊಕ್ಕು, 2017ರ ಜುಲೈ ಹೊತ್ತಿಗೆ 96ನೇ ಸ್ಥಾನಕ್ಕೇರಿ, 2019ರ ಏಷ್ಯಾ ಕಪ್ಪಿಗೆ ಹೋದೆವು. ಮೇಲುಗೈಯಾಗಿದ್ದ ಗುವಾಮ್ ಪ್ರಯಾಣವೆಚ್ಚ ಭರಿಸಲಾಗದೆ ಅದೇ ಅರ್ಹತಾ ಸುತ್ತಿನಿಂದ ಹಿಂದೆ ಸರಿಯಿತು. ಇಬ್ಬರ ನಡುವಿನ ವ್ಯತ್ಯಾಸ ಆಟದ್ದೊ, ಖಜಾನೆಯದೊ?

ಇನ್ನೂ ಹಿಂದಕ್ಕೆ ಹೋಗೋಣ. 2008ರ ಆಗಸ್ಟ್ 13ರಂದು ದೆಹಲಿಯ ಅಂಬೇಡ್ಕರ್ ಮೈದಾನದಲ್ಲಿ ಭಾರತ ತಜಿಕಿಸ್ತಾನವನ್ನು 4–1ರಿಂದ ಸೋಲಿಸಿ ಎಎಫ್‌ಸಿ ಚಾಲೆಂಜ್ ಕಪ್ ಎತ್ತಿತು. ಸುನಿಲ್ ಛೆತ್ರಿ ಮೂರು ಗೋಲು ಹೊಡೆದರು. ಮಳೆಗಾಲದ ಆ ಸಂಜೆ ನಾನೂ ಕಟ್ಟೆಯ ಮೇಲೆ ಕುಳಿತು ಗಂಟಲು ಹರಿಯುವಂತೆ ಕೂಗಿದವನೇ. ಆ ಕಪ್ ಏನೆಂದು ಬಲ್ಲಿರಾ? ಏಷ್ಯಾದ ಕೆಳಸ್ತರದ ತಂಡಗಳಿಗೆಂದೇ 2006ರಲ್ಲಿ ಏರ್ಪಡಿಸಿದ ಟೂರ್ನಿ. ಗೆದ್ದವರಿಗೆ ಏಷ್ಯಾ ಕಪ್ಪಿಗೆ ನೇರ ಪ್ರವೇಶ. 1984ರ ಬಳಿಕ ಭಾರತ ಮತ್ತೆ ಏಷ್ಯಾ ಕಪ್ ಆಡಿದ್ದು 2011ರಲ್ಲಿ, ಆ ಬಾಗಿಲಿನಿಂದಲೇ. ದೋಹಾದಲ್ಲಿ ಮೂರು ಪಂದ್ಯಗಳನ್ನೂ ಸೋತು 13 ಗೋಲು ತಿಂದೆವು. ಇಂಥವರನ್ನು ಯಾಕಾದರೂ ಆಡಿಸುತ್ತಾರೆಂದು ಅಂದು ನಮ್ಮ ವಾಚನಾಲಯದಲ್ಲಿ ಯಾರೂ ಕೇಳಲಿಲ್ಲ. ಛೆತ್ರಿ ಆಸ್ಟ್ರೇಲಿಯಾ, ಕೊರಿಯಾಗಳ ನಡುವೆ ನಿಂತಿದ್ದೇ ನಮಗೆ ಹೆಮ್ಮೆಯಾಗಿತ್ತು. 2014ರ ಬಳಿಕ ಆ ಟೂರ್ನಿಯನ್ನು ನಿಲ್ಲಿಸಲಾಯಿತು. ನಾವು ದಾಟಿ ಬಂದ ಮೇಲೆ ಮುಚ್ಚಿದ ಬಾಗಿಲಿನ ಹೊರಗೆ ನಿಂತವರನ್ನು ನೋಡಿ ನಗುವುದು ಸಜ್ಜನಿಕೆಯಲ್ಲ.

ಇನ್ನು ಅವಮಾನದ ವಾದ. 2001ರ ಏಪ್ರಿಲ್ 11ರಂದು ಆಸ್ಟ್ರೇಲಿಯಾವು ಅಮೆರಿಕನ್ ಸಮೋವಾವನ್ನು 31–0ರಿಂದ ಸೋಲಿಸಿದ್ದನ್ನು ಎಲ್ಲರೂ ಉದಾಹರಿಸುತ್ತಾರೆ. ಸಣ್ಣವರನ್ನು ಇಂಥ ಅವಮಾನದಿಂದ ಕಾಪಾಡಲೆಂದೇ ಹೊರಗಿಡಬೇಕಂತೆ. ಆ ಪಂದ್ಯಕ್ಕೆ ಮುನ್ನ ಪಾಸ್‌ಪೋರ್ಟಿನ ನಿಯಮದಿಂದಾಗಿ ಆ ದ್ವೀಪದ ಮೂಲ ತಂಡದಲ್ಲಿ ಗೋಲ್‌ಕೀಪರ್ ನಿಕಿ ಸಲಾಪು ಒಬ್ಬರ ಹೊರತು ಉಳಿದವರೆಲ್ಲ ಅನರ್ಹರಾಗಿ, ಹದಿಹರೆಯದ ಹುಡುಗರನ್ನು ಕಲೆಹಾಕಿ ಕಣಕ್ಕಿಳಿಸಬೇಕಾಯಿತೆಂಬುದನ್ನು ಉದಾಹರಿಸುವವರು ಹೇಳುವುದಿಲ್ಲ. 2011ರ ನವೆಂಬರ್ 22ರಂದು ಅದೇ ಅಮೆರಿಕನ್ ಸಮೋವಾ ಟೊಂಗಾವನ್ನು 2–1ರಿಂದ ಸೋಲಿಸಿತೆಂಬುದನ್ನಂತೂ ಹೇಳುವುದೇ ಇಲ್ಲ. ಅಂದೂ ಗೋಲಿನಲ್ಲಿ ನಿಂತಿದ್ದವರು ಸಲಾಪು ಅವರೇ. ಮೂವತ್ತೊಂದು ಗೋಲು ತಿಂದ ಆ ವ್ಯಕ್ತಿ ಹತ್ತು ವರ್ಷಗಳ ಬಳಿಕವೂ ಆಡಬಯಸಿದರು. ಅವಮಾನವಾಯಿತೊ ಇಲ್ಲವೊ ಎಂದು ತೀರ್ಮಾನಿಸಬೇಕಾದವರು ಅವರು. ದೂರದಲ್ಲಿ ಕುಳಿತು ಅವರ ಪರವಾಗಿ ನಾಚಿಕೊಳ್ಳುವ ನಾವಲ್ಲ.

ದೊಡ್ಡ ಆಟಗಾರರ ದಣಿವಿನ ವಾದಕ್ಕೆ ಎರಡೇ ಮಾತು. ಅವರು ದಣಿದಿರುವುದು ನಿಜ. 2026ರ ವಿಶ್ವಕಪ್ಪಿನ ಪಂದ್ಯಗಳನ್ನು 64ರಿಂದ 104ಕ್ಕೆ ಏರಿಸಿದವರು, 2025ರಲ್ಲಿ 32 ತಂಡಗಳ ಕ್ಲಬ್ ವಿಶ್ವಕಪ್ ಹೂಡಿದವರು ಸ್ಯಾನ್ ಮರಿನೊದವರಲ್ಲ. ಹಣಕ್ಕಾಗಿ ಹೇರಿದ ಹೊರೆಯಲ್ಲಿ ಕಡಿತ ಮಾಡಬೇಕೆಂದಾಗ ಕೈ ಹೋಗುವುದು ಬಡವನ ಎರಡು ಪಂದ್ಯಗಳ ಮೇಲೆ.

ಇಷ್ಟು ಬರೆಯುವಾಗ ನನ್ನ ಕಚೇರಿಯ ದಿನವೊಂದು ನೆನಪಾಗುತ್ತದೆ. ಹಲವು ವರ್ಷಗಳ ಹಿಂದೆ ಬಡ್ತಿ ಸಮಿತಿಯೊಂದರಲ್ಲಿ ನಾನೂ ಒಬ್ಬ ಸದಸ್ಯನಾಗಿದ್ದೆ. ದೂರದ ಗಡಿ ಜಿಲ್ಲೆಗೆ ವರ್ಗವಾಗಿದ್ದ ಕಿರಿಯ ಅಧಿಕಾರಿಯೊಬ್ಬನ ಕಡತ ಬಂದಿತು. ಒಂದು ವರ್ಷ ಅವನ ಮೇಲಧಿಕಾರಿಗಳು ಮೇಲಿಂದ ಮೇಲೆ ಬದಲಾಗಿ, ಯಾರೂ ಅವನ ಕೆಲಸವನ್ನು ಮೂರು ತಿಂಗಳು ಪೂರ್ತಿ ನೋಡಿರಲಿಲ್ಲ. ಹೀಗಾಗಿ ಆ ವರ್ಷದ ಗೋಪ್ಯ ವರದಿಯೇ ಇರಲಿಲ್ಲ. ತಃಖ್ತೆಯಲ್ಲಿ ಅವನ ಹೆಸರಿನೆದುರು ‘ವರದಿ ಇಲ್ಲ’ ಎಂದಿತ್ತು. ಚರ್ಚೆಯ ಭರದಲ್ಲಿ ಅದನ್ನು ‘ಒಳ್ಳೆಯ ವರದಿ ಇಲ್ಲ’ ಎಂದೇ ಓದಲಾಯಿತು. ಆ ಕ್ಷಣ ನಾನು ಬಾಯಿ ಬಿಡಲಿಲ್ಲ. ಚಹಾ ವಿರಾಮದ ಬಳಿಕ ನೆನಪಿಸಿಕೊಂಡು ಹೇಳಿದಾಗ ಪಟ್ಟಿ ಸಿದ್ಧವಾಗಿಬಿಟ್ಟಿತ್ತು. ಅವನು ಒಂದು ವರ್ಷ ಕಾದ. ಅಳೆಯದೆ ಬಿಟ್ಟದ್ದನ್ನು ಅಳೆದು ಕಡಿಮೆಯೆಂದು ಕಂಡದ್ದೆಂದು ಬರೆದುಕೊಳ್ಳುವ ತಪ್ಪು ಎಷ್ಟು ಸುಲಭವಾದದ್ದೆಂದು ಅಂದು ಕಲಿತೆ. ಶ್ರೇಯಾಂಕ ಪಟ್ಟಿಯ ಕೆಳತುದಿಯನ್ನು ನೋಡಿದಾಗಲೆಲ್ಲ ನನಗೆ ಆ ತಃಖ್ತೆ ಕಾಣುತ್ತದೆ.

ವಿರೋಧಿಗಳ ಒಂದು ಮಾತನ್ನು ನಾನು ಒಪ್ಪುತ್ತೇನೆ. ಸಮಾನರೊಡನೆ ಆಡುವುದು ಸಣ್ಣವರಿಗೆ ಒಳ್ಳೆಯದು. ಸ್ಯಾನ್ ಮರಿನೊ 2004ರ ಏಪ್ರಿಲಿನಲ್ಲಿ ಲಿಖ್ಟೆನ್‌ಸ್ಟೈನನ್ನು ಸೌಹಾರ್ದ ಪಂದ್ಯವೊಂದರಲ್ಲಿ ಸೋಲಿಸಿದ ಬಳಿಕ ಮತ್ತೊಂದು ಗೆಲುವಿಗೆ ಇಪ್ಪತ್ತು ವರ್ಷ ಕಾಯಬೇಕಾಯಿತು. 2024ರ ಸೆಪ್ಟೆಂಬರಿನಲ್ಲಿ ನೇಷನ್ಸ್ ಲೀಗಿನಲ್ಲಿ ಅದೇ ಲಿಖ್ಟೆನ್‌ಸ್ಟೈನನ್ನು 1–0ರಿಂದ, ನವೆಂಬರಿನಲ್ಲಿ ಅವರದೇ ನೆಲದಲ್ಲಿ 3–1ರಿಂದ ಸೋಲಿಸಿ ಗುಂಪಿನ ಅಗ್ರಸ್ಥಾನ ಪಡೆದು ಮೇಲಿನ ಶ್ರೇಣಿಗೆ ಏರಿತು. ಅಮೆರಿಕನ್ ಸಮೋವಾದ ಗೆಲುವು ಬಂದದ್ದೂ ನಾಲ್ಕು ಸಣ್ಣ ತಂಡಗಳ ಪ್ರಾಥಮಿಕ ಗುಂಪಿನಲ್ಲಿಯೇ. ಆದರೆ ಎರಡು ಭೇದಗಳನ್ನು ಮರೆಯಬಾರದು. ಅವು ಲೀಗ್ ಮಾದರಿಯವು. ಒಂದು ಸೋಲಿಗೆ ಎಲ್ಲವೂ ಮುಗಿಯುತ್ತಿರಲಿಲ್ಲ. ಜೊತೆಗೆ, ಸ್ಯಾನ್ ಮರಿನೊಗೆ ನೇಷನ್ಸ್ ಲೀಗ್ ದೊರೆತದ್ದು ವಿಶ್ವಕಪ್ ಅರ್ಹತೆಗೆ ಬದಲಾಗಿ ಅಲ್ಲ, ಅದರೊಡನೆ. ಇಷ್ಟಾದರೂ, ಗುಂಪು ಗೆದ್ದು ಬಡ್ತಿ ಪಡೆದ ಬಳಿಕವೂ ಅದರ ಶ್ರೇಯಾಂಕ 210ರಲ್ಲೇ ಉಳಿಯಿತು. ಅಂಥ ಪಟ್ಟಿಯನ್ನು ಬಾಗಿಲು ಕಾಯಲು ನಿಲ್ಲಿಸಬಹುದೆ?

ಹಾಗಾದರೆ ನಾನು ಕೇಳುತ್ತಿರುವುದೇನು? ದಯೆಯನ್ನಲ್ಲ. ವಿಶ್ವಕಪ್ಪಿನಲ್ಲಿ ಸ್ಯಾನ್ ಮರಿನೊಗೆ ಸ್ಥಾನ ಕಾದಿರಿಸಿ ಎಂದೂ ಅಲ್ಲ. ಕೇಳುವುದು ಮೂರೇ. ಮೊದಲನೆಯದು, ಯಾವ ದೇಶದ ಅರ್ಹತಾ ಅಭಿಯಾನವೂ ಎರಡು ಪಂದ್ಯಗಳಿಗೆ ಮುಗಿಯಬಾರದು. ಪ್ರಾಥಮಿಕ ಸುತ್ತು ಬೇಕೇ ಬೇಕೆಂದರೆ ಅದು ಕನಿಷ್ಠ ಆರು ಪಂದ್ಯಗಳ ಗುಂಪಾಗಿರಲಿ. ಎರಡನೆಯದು, ನಾಕೌಟ್ ಸೋಲಿಗೆ ಅಂಕ ಕಳೆಯದ ವಿನಾಯಿತಿ ಎಲ್ಲರಿಗೂ ಇರಲಿ, ಇಲ್ಲವೇ ಯಾರಿಗೂ ಬೇಡ. ಮೂರನೆಯದು, ಶ್ರೇಯಾಂಕವನ್ನು ಗುಂಪು ವಿಂಗಡಣೆಗೆ ಬಳಸಲಿ; ಯಾರಿಗೆಷ್ಟು ಪಂದ್ಯವೆಂದು ಹಂಚಲು ಬಳಸದಿರಲಿ. ಹಣವಿಲ್ಲವೆಂಬ ಉತ್ತರ ಒಪ್ಪತಕ್ಕದ್ದಲ್ಲ. 2024ರ ಮಾರ್ಚಿನಲ್ಲಿ ‘ಫೀಫಾ ಸರಣಿ’ಯ ಹೆಸರಿನಲ್ಲಿ ಪಪುವಾ ನ್ಯೂಗಿನಿಯನ್ನೂ ಮಧ್ಯ ಆಫ್ರಿಕಾ ಗಣರಾಜ್ಯವನ್ನೂ ಕೊಲಂಬೊಗೆ ಕರೆಸಿ ಶ್ರೀಲಂಕಾ, ಭೂತಾನ್‌ಗಳೊಡನೆ ಆಡಿಸಿದರಲ್ಲವೆ? ಮನಸ್ಸಿದ್ದರೆ ಮಾರ್ಗವುಂಟು. ಆದರೆ ಅವು ಸೌಹಾರ್ದ ಪಂದ್ಯಗಳು; ಮತ್ತೆ ಅದೇ ಸಣ್ಣ ಗುಣಕ.

ಫೀಫಾ ಮಹಾಸಭೆಯಲ್ಲಿ 211 ಸದಸ್ಯರಿಗೂ ತಲಾ ಒಂದು ಮತ. ಅಧ್ಯಕ್ಷರ ಚುನಾವಣೆ ಬಂದಾಗ ಬ್ರೆಜಿಲ್ಲಿನ ಮತಕ್ಕೂ ಭೂತಾನದ ಮತಕ್ಕೂ ಭೇದವಿಲ್ಲ. ಮತ ಕೇಳುವಾಗ ಸಮಾನರಾದವರು ಪಂದ್ಯ ಹಂಚುವಾಗ ‘27ರಿಂದ 46’ ಆಗಿಬಿಡುತ್ತಾರೆ. ಈ ಮಾತನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರನಾಡಿನ ಶಾಲೆಯೊಂದರಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಕಲಿಸಿರೆಂದು ಕೇಳಲು ಹೋದ ಯಾವ ತಂದೆತಾಯಿಗೂ ‘ನಿಮ್ಮ ಸಂಖ್ಯೆ ಎಷ್ಟು?’ ಎಂಬ ಪ್ರಶ್ನೆ ಹೊಸತಲ್ಲ. ತರಗತಿಯಿಲ್ಲದ್ದರಿಂದ ಮಕ್ಕಳು ಸೇರುವುದಿಲ್ಲ, ಮಕ್ಕಳು ಸೇರಿಲ್ಲವಾದ್ದರಿಂದ ತರಗತಿಯಿಲ್ಲ.

ನಮ್ಮ ಹಿರಿಯ ಮಿತ್ರರು ಈ ಬರಹವನ್ನು ಓದಿ ಉತ್ತರಿಸುವರೆಂದು ನಂಬಿದ್ದೇನೆ. ಸಂಪಾದಕರು ಮುಂದಿನ ಸಂಚಿಕೆಯಲ್ಲಿ ಅವರಿಗೂ ಇಷ್ಟೇ ಪುಟ ಕೊಡಲಿ. ಒಂದು ವಿನಂತಿ ಮಾತ್ರ. ಉತ್ತರ ಬರೆಯುವ ಮುನ್ನ ಅವರು ಪಟ್ಟಿಯ ಕೊನೆಯ ಹತ್ತು ತಂಡಗಳ ಹೆಸರಿನೆದುರು, ಅವು ಹಿಂದಿನ ಎರಡು ವರ್ಷಗಳಲ್ಲಿ ಆಡಿದ ಅರ್ಹತಾ ಪಂದ್ಯಗಳ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಲಿ. ಅನಂತರ ಯೋಗ್ಯತೆಯ ಮಾತನಾಡೋಣ.